ಕಡಲ ಮುಳ್ಳುಹಂದಿ

ಕಬ್ಬೂರ, ಚಿಕ್ಕೋಡಿ, ರಾಯಬಾಗಗಳ ಬಯಲಿನಲ್ಲಿ ಹುಟ್ಟಿ ಬೆಳೆದ ನಮಗೆ ಮುಳ್ಳುಹಂದಿ ಎಂದೊಡನೆ, ಇರುಳಿನಲ್ಲಿ ಹೊಲಕ್ಕೆ ನುಗ್ಗಿ ಗೆಡ್ಡೆಗಳನ್ನು ಅಗೆದು ತಿನ್ನುವ ಪ್ರಾಣಿಯ ನೆನಪಾಗುತ್ತದೆ. ಅದೇ ಹೆಸರನ್ನು ಹೊತ್ತ ಇನ್ನೊಂದು ಜೀವಿ ಕಡಲಿನಲ್ಲಿದೆ. ಮುಳ್ಳನ್ನು ಬಿಟ್ಟರೆ ಇವೆರಡಕ್ಕೂ ಯಾವ ಹೋಲಿಕೆಯೂ ಇಲ್ಲ. ನಕ್ಷತ್ರಮೀನಿನಂತೆ ಇದೂ ಕಂಟಕಚರ್ಮಿಗಳ ಗುಂಪಿಗೆ ಸೇರಿದುದು. ಇದಕ್ಕೆ ತಲೆಯಿಲ್ಲ, ಮಿದುಳಿಲ್ಲ. ಹಿಂದು ಮುಂದೆಂಬ ಭೇದವೂ ಇಲ್ಲ.

ನಮ್ಮ ಪಶ್ಚಿಮ ಕರಾವಳಿಯ ಬಂಡೆಗಳ ಮೇಲೆ ವಾಸಿಸುವ ಜಾತಿಗೆ ಸ್ಟೊಮೊಪ್ನ್ಯೂಸ್ಟಿಸ್ ವೇರಿಯೊಲಾರಿಸ್ ಎಂದು ಹೆಸರು. ಹೆಸರು ಉದ್ದವಾಯಿತು, ಪ್ರಾಣಿ ಮಾತ್ರ ಅಂಗೈಯಲ್ಲಿ ಹಿಡಿಸುವಷ್ಟು. ಇಳಿತದ ವೇಳೆ ನೀರು ತಗ್ಗಿದಾಗ, ಬಂಡೆಯ ಕುಳಿಗಳಲ್ಲಿ ಕಪ್ಪು ಮುಳ್ಳಿನ ಚೆಂಡುಗಳಂತೆ ಇವು ಕುಳಿತಿರುತ್ತವೆ. ಸುಣ್ಣದ ಬಿಲ್ಲೆಗಳನ್ನು ಜೋಡಿಸಿದಂತಿರುವ ಚಿಪ್ಪಿನ ಮೇಲೆ ಪ್ರತಿಯೊಂದು ಮುಳ್ಳೂ ನಮ್ಮ ಭುಜದ ಕೀಲಿನಂತಹ ಕೀಲಿನ ಮೇಲೆ ಎತ್ತ ಬೇಕಾದರತ್ತ ತಿರುಗುತ್ತದೆ. ಮುಳ್ಳುಗಳ ನಡುವಿನಿಂದ ತೆಳುವಾದ ನೂರಾರು ನಳಿಕೆಪಾದಗಳು ಹೊರಚಾಚುತ್ತವೆ. ದೇಹದೊಳಗಿನ ನೀರಿನ ಒತ್ತಡದಿಂದಲೇ ಇವು ಚಾಚುತ್ತವೆ. ತುದಿಯ ಬಟ್ಟಲಿನಿಂದ ಬಂಡೆಯನ್ನು ಕಚ್ಚಿ ಹಿಡಿಯುತ್ತವೆ. ಮಳೆಗಾಲದ ಅಬ್ಬರದ ಅಲೆಗಳು ಬಂದು ಬಡಿದರೂ ಹಿಡಿತ ಸಡಿಲುವುದಿಲ್ಲ.

ಆದರೆ ಆ ಕುಳಿಯನ್ನು ಕೊರೆದವರು ಯಾರು? ಬಹುಮಟ್ಟಿಗೆ ಈ ಪ್ರಾಣಿಯೇ! ಇದರ ಬಾಯಿ ದೇಹದ ಅಡಿಭಾಗದಲ್ಲಿದೆ. ಅಲ್ಲಿ ಸುಮಾರು 40 ಚಿಕ್ಕ ತುಂಡುಗಳಿಂದಾದ ದವಡೆಯೂ ಐದು ಹಲ್ಲುಗಳೂ ಇವೆ. ಗ್ರೀಕ್ ವಿದ್ವಾಂಸ ಅರಿಸ್ಟಾಟಲನು ಇದನ್ನು ಲಾಂದ್ರಕ್ಕೆ ಹೋಲಿಸಿದುದರಿಂದ ಇದಕ್ಕೆ ಇಂದಿಗೂ ಅರಿಸ್ಟಾಟಲನ ಲಾಂದ್ರವೆಂದೇ ಹೆಸರು. ಕಲ್ಲನ್ನು ಕೆರೆದು ಹಲ್ಲಿನ ತುದಿ ಸವೆದಂತೆಲ್ಲ ಮೇಲಿನಿಂದ ಹೊಸ ಭಾಗ ಬೆಳೆದು ಬರುತ್ತದೆ. ನಮ್ಮ ಊರಿನ ಕಮ್ಮಾರನು ಕುಡುಗೋಲನ್ನು ಆಗಾಗ ಹದಮಾಡಬೇಕು. ಇದರ ಹಲ್ಲು ತಾನೇ ಹರಿತಗೊಳ್ಳುತ್ತದೆ. ಹೀಗೆ ಪಾಚಿಯನ್ನು ಕೆರೆಯುತ್ತ ಕೆರೆಯುತ್ತ ತಲೆಮಾರುಗಳ ದುಡಿಮೆಯಿಂದ ಬಂಡೆಯಲ್ಲಿ ಮನೆಯಾಗುತ್ತದೆ. ಕೆಲವು ಒಳಗೇ ಬೆಳೆದು ದೊಡ್ಡವಾಗಿ ಹೊರಬರಲಾಗದೆ, ತೇಲಿ ಬಂದ ಪಾಚಿಯನ್ನು ಹಿಡಿದು ತಿಂದು ಅಲ್ಲಿಯೇ ಬಾಳನ್ನು ಕಳೆಯುತ್ತವೆ.

ಕುಳಿಬಿಟ್ಟು ಕದಲದ ಈ ಜೀವಿಯ ಸಂತಾನ ಮಾತ್ರ ದೂರದೂರಕ್ಕೆ ಹರಡುತ್ತದೆ. ಹೆಣ್ಣು ತತ್ತಿಗಳನ್ನೂ ಗಂಡು ವೀರ್ಯವನ್ನೂ ನೀರಿಗೆ ಬಿಡುತ್ತವೆ. ಹುಟ್ಟಿದ ಮರಿ ತಾಯಿಯನ್ನು ಕಿಂಚಿತ್ತೂ ಹೋಲದೆ, ಸೂಕ್ಷ್ಮವಾದ ಕೈಗಳನ್ನು ಚಾಚಿ ವಾರಗಟ್ಟಲೆ ತೇಲುತ್ತದೆ. ಬಳಿಕ ಬಂಡೆಯನ್ನು ಸೇರಿ ರೂಪಾಂತರ ಹೊಂದುತ್ತದೆ. ಕಡಲ ಮುಳ್ಳುಹಂದಿಯ ತತ್ತಿ ಪಾರದರ್ಶಕವಾದುದರಿಂದಲೇ 1876ರಲ್ಲಿ ಜರ್ಮನಿಯ ಆಸ್ಕರ್ ಹರ್ಟ್‌ವಿಗ್ ಅದರೊಳಗೆ ಗಂಡು ಹೆಣ್ಣಿನ ಕೋಶಕೇಂದ್ರಗಳು ಒಂದಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ನಾವೆಲ್ಲರೂ ಹುಟ್ಟುವ ಬಗೆ ತಿಳಿದುದರಲ್ಲಿ ಈ ಮುಳ್ಳಿನ ಚೆಂಡಿನ ಪಾಲು ದೊಡ್ಡದು.

ಪಾಚಿಯನ್ನು ಮೇಯುವುದು ಅಲ್ಪ ಕೆಲಸವೆಂದು ತೋರಬಹುದು. ಅದು ನಿಂತರೆ ಏನಾಗುತ್ತದೆಂಬುದು ಅಮೆರಿಕದ ಕೆರಿಬಿಯನ್ ಕಡಲಿನಲ್ಲಿ ಕಂಡುಬಂದಿತು. 1983–84ರಲ್ಲಿ ರೋಗವೊಂದು ಹರಡಿ, ಅಲ್ಲಿನ ನೀಳಮುಳ್ಳಿನ ಜಾತಿಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಪಾಚಿಯನ್ನು ಮೇಯುವ ಮೀನುಗಳನ್ನು ಜನರು ಮೊದಲೇ ಬಹಳವಾಗಿ ಹಿಡಿದುಬಿಟ್ಟಿದ್ದರು. ತಡೆಯುವವರಿಲ್ಲದೆ ಪಾಚಿ ಹಬ್ಬಿ, ಜಮೈಕಾದಂತಹ ದ್ವೀಪಗಳ ಸುತ್ತಲಿನ ಹವಳದ ದಿಬ್ಬಗಳನ್ನು ಮುಚ್ಚಿತು. ಎಳೆಯ ಹವಳಗಳಿಗೆ ನೆಲೆಯೂರಲು ಎಡೆಯೇ ಉಳಿಯಲಿಲ್ಲ. ಉಳಿದ ಕೆಲವೇ ಪ್ರಾಣಿಗಳು ನಿಧಾನವಾಗಿ ಹೆಚ್ಚುತ್ತಿದ್ದಾಗ 2022ರಲ್ಲಿ ಅದೇ ಕಡಲಿನಲ್ಲಿ ಮತ್ತೆ ರೋಗ ಕಾಣಿಸಿಕೊಂಡಿತು. ಬರಿಗಣ್ಣಿಗೆ ಕಾಣದ ಏಕಕೋಶ ಜೀವಿಯೊಂದು ಈ ಬಾರಿಯ ಸಾವಿಗೆ ಕಾರಣವೆಂದು ವಿಜ್ಞಾನಿಗಳು ಮರುವರ್ಷ ಗುರುತಿಸಿದರು.