ಗಾಯಾಳುವಿನ ನಟನೆ

ಸಾವಿರ ಕೊಕ್ಕೆಗಳಿಗೆ ಎರೆ ಚುಚ್ಚುವ ಕೆಲಸವನ್ನು ಯಾರೂ ಖುಷಿಯಿಂದ ಮಾಡಲಾರರು. ಲೌರಿ ರಪಾಲಾ ಅದನ್ನು ಹೊಟ್ಟೆಪಾಡಿಗೆ ಮಾಡುತ್ತಿದ್ದ. ಫಿನ್‌ಲೆಂಡಿನ ಪೈಯಾನ್ನೆ ಸರೋವರದ ದಡದಲ್ಲಿ ಅವನ ಮನೆ. ಚಳಿಗಾಲದಲ್ಲಿ ಕಾಡಿನಲ್ಲಿ ಮರ ಕಡಿಯುವುದು, ಬೇಸಿಗೆಯಲ್ಲಿ ಉದ್ದನೆಯ ಹಗ್ಗಕ್ಕೆ ಸಾಲಾಗಿ ಕೊಕ್ಕೆ ಕಟ್ಟಿ ನೀರಿಗೆ ಬಿಡುವುದು, ದೋಣಿಗೆ ಹುಟ್ಟು ಹಾಕುವುದು. ಹುಟ್ಟಿದ್ದು 1905ರಲ್ಲಿ. ತಾಯಿಯ ಮನೆತನದ ಹೆಸರು ಸಾರಿನೆನ್. ತಾಯಿ, ಮಗ ಊರು ಬಿಟ್ಟು ಊರಿಗೆ ಬಂದಾಗ ಅಲ್ಲಿನ ಪಾದ್ರಿಗೆ ಆ ಹೆಸರು ನೆನಪಾಗದೆ, ಅವರು ಬಿಟ್ಟುಬಂದ ಹಳ್ಳಿಯ ಹೆಸರನ್ನೇ ದಾಖಲೆ ಪುಸ್ತಕದಲ್ಲಿ ಬರೆದುಬಿಟ್ಟನಂತೆ. ಹೀಗೆ ಪಾದ್ರಿಯ ಮರೆವಿನಿಂದ ಅಂಟಿಕೊಂಡ ಹೆಸರು ಈಗ ಜಗತ್ತಿನ ಗಾಳದ ಅಂಗಡಿಗಳಲ್ಲೆಲ್ಲ ತೂಗಾಡುತ್ತಿದೆ.

ದೋಣಿಯಲ್ಲಿ ಒಬ್ಬನೇ ಕೂತವನಿಗೆ ನೀರು ನೋಡುತ್ತಾ ಕೂರುವುದು ಬಿಟ್ಟರೆ ಬೇರೆ ಮನರಂಜನೆಯಿಲ್ಲ. ಚಿಕ್ಕ ಮೀನುಗಳ ಹಿಂಡಿನ ಸುತ್ತ ದೊಡ್ಡ ಮೀನು ಹೊಂಚುಹಾಕುವುದನ್ನು ಲೌರಿ ನೋಡುತ್ತಿದ್ದ. ಹಿಂಡು ಚದುರುತ್ತದೆ, ಮತ್ತೆ ಕೂಡುತ್ತದೆ. ಬೇಟೆಗಾರ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುವುದಿಲ್ಲ. ಹಿಂಡಿನೊಳಗೆ ಒಂದು ಮೀನು ಮಾತ್ರ ಸ್ವಲ್ಪ ವಾಲಿಕೊಂಡು ಓಲಾಡುತ್ತಾ ಈಜುತ್ತಿರುತ್ತದೆ: ಗಾಯವಾಗಿದ್ದೋ, ಸುಸ್ತಾಗಿದ್ದೋ. ಏಟು ಬೀಳುವುದು ಅದರ ಮೇಲೆ. ಕಡಿಮೆ ಶ್ರಮಕ್ಕೆ ಹೆಚ್ಚು ಊಟ, ಅಷ್ಟೇ ಲೆಕ್ಕ. ಇದನ್ನು ಅವನಿಗಿಂತ ಮುಂಚೆ ಎಷ್ಟೋ ಬೆಸ್ತರು ಕಂಡಿರಬೇಕು. ಆದರೆ ಆ ಓಲಾಟವನ್ನೇ ಕೆತ್ತಿ ತೆಗೆಯಬಹುದು, ಹಾಗೆ ಮಾಡಿದರೆ ದಿನವೂ ಎರೆ ಚುಚ್ಚುವ ಕಾಟ ತಪ್ಪುತ್ತದೆ ಎಂದು ಲೌರಿಗೆ ಹೊಳೆಯಿತು.

1936ರಲ್ಲಿ ಅವನ ಕೈಯಿಂದ ಬಂದ ಮೊದಲ ಹುಸಿಮೀನಿನ ಸಾಮಗ್ರಿ ನೋಡಿ. ಮೈಗೆ ಬೆಂಡು, ಅಂದರೆ ಕಾರ್ಕ್. ಕೆತ್ತಲು ಚರ್ಮ ಕೊಯ್ಯುವ ಚಾಕು. ಹೊಳಪಿಗೆ ಚಾಕೊಲೇಟಿಗೆ ಸುತ್ತಿ ಬರುವ ಬೇಗಡೆ. ವಾರ್ನಿಶ್ ಕೊಳ್ಳಲು ದುಡ್ಡಿರಲಿಲ್ಲ. ಹಳೆಯ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಲೇಪ ಕೊಟ್ಟ. ಕಪ್ಪು ಬೆನ್ನು, ಬಂಗಾರದ ಬಣ್ಣದ ಪಕ್ಕೆ, ಬಿಳಿ ಹೊಟ್ಟೆ. ಈ ಪಟ್ಟಿಯಲ್ಲಿ ಕೊಕ್ಕೆ ಬಿಟ್ಟರೆ ಗಾಳಕ್ಕೆಂದೇ ಮಾಡಿದ ವಸ್ತು ಒಂದೂ ಇಲ್ಲ!

ಜಾಣತನವೆಲ್ಲ ಇದ್ದದ್ದು ತೂಕದ ಹಂಚಿಕೆಯಲ್ಲಿ. ಬೆಂಡು ತೇಲಿಸುತ್ತದೆ, ಹೊಟ್ಟೆಯಡಿ ತೂಗುವ ಕೊಕ್ಕೆಗಳು ಕೆಳಕ್ಕೆ ಜಗ್ಗುತ್ತವೆ. ಮೂತಿಯ ಕೆಳಗೆ ಸಣ್ಣದೊಂದು ತಗಡಿನಂಥ ತುಟಿ. ದಾರ ಎಳೆದರೆ ನೀರು ಆ ತುಟಿಗೆ ಒತ್ತಿ ಮೈಯನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ. ಕೊಕ್ಕೆಗಳ ಭಾರ ಅದನ್ನು ಮತ್ತೆ ನೆಟ್ಟಗೆ ತರುತ್ತದೆ. ಅಷ್ಟರಲ್ಲಿ ಇನ್ನೊಂದು ಪಕ್ಕಕ್ಕೆ ವಾಲಿರುತ್ತದೆ. ಕೆತ್ತನೆ ಕೂದಲೆಳೆಯಷ್ಟು ತಪ್ಪಿದರೂ ಮೀನು ಗಿರಗಿರನೆ ತಿರುಗುತ್ತದೆ, ಇಲ್ಲವೇ ಕಡ್ಡಿಯಂತೆ ನೇರ ಬರುತ್ತದೆ. ಎರಡನ್ನೂ ಯಾವ ಬೇಟೆಗಾರ ಪೈಕ್ ಮೀನೂ ನಂಬುವುದಿಲ್ಲ. ಹಾಗಾಗಿ ಮುಂದೆ ಮಕ್ಕಳೂ ಸೇರಿ ಇದು ಮನೆತನದ ಉದ್ಯೋಗವಾದಾಗ, ಪ್ರತಿಯೊಂದನ್ನೂ ನೀರಿನಲ್ಲಿ ಎಳೆದು ನೋಡಿಯೇ ಮಾರುವುದು ಪದ್ಧತಿಯಾಯಿತು. ಲೌರಿ ಒಂದೊಂದು ದಿನ 600 ಪೌಂಡ್ ಮೀನು ಹಿಡಿಯುತ್ತಿದ್ದ ಎಂಬ ಮಾತನ್ನು ಕಂಪನಿ ಇವತ್ತಿಗೂ ಹೇಳಿಕೊಳ್ಳುತ್ತದೆ. ಬೆಸ್ತರ ಬಾಯಲ್ಲಿ ಮೀನು ಬೆಳೆಯುತ್ತದೆ ಎಂಬುದು ಗೊತ್ತಿರುವವರು ಅದನ್ನು ಸ್ವಲ್ಪ ತಗ್ಗಿಸಿ ಕೇಳಿದರೆ ಸಾಕು.

ಅಮೆರಿಕದ ಅಧ್ಯಾಯ ಅದೃಷ್ಟದ್ದು. 1959ರಲ್ಲಿ ಮಿನೆಸೋಟದ ರಾನ್ ವೆಬರ್, ರೇ ಓಸ್ಟ್ರಾಮ್ ಎಂಬಿಬ್ಬರು ಈ ಮೀನಿನ ಆಟಕ್ಕೆ ಮರುಳಾಗಿ ಆಮದು ಶುರುಮಾಡಿದರು. 1962ರ ಆಗಸ್ಟಿನಲ್ಲಿ ಲೈಫ್ ಪತ್ರಿಕೆ ಇದರ ಬಗ್ಗೆ ಲೇಖನ ಹಾಕಿತು. ಅದೇ ಸಂಚಿಕೆಯ ಮುಖಪುಟದಲ್ಲಿ ಆಗಷ್ಟೇ ತೀರಿಕೊಂಡಿದ್ದ ಮರ್ಲಿನ್ ಮನ್ರೋ. ಸಂಚಿಕೆ ಕೈಯಿಂದ ಕೈಗೆ ಓಡಿತು, ಮೀನೂ ಜೊತೆಗೆ ಓಡಿತು.

ನನಗೆ ಇದಕ್ಕಿಂತ ಕುತೂಹಲವೆನಿಸುವುದು ಮಂಜುಗಡ್ಡೆಯ ಕತೆ. ಫಿನ್‌ಲೆಂಡಿನ ಸರೋವರಗಳು ವರ್ಷದಲ್ಲಿ ತಿಂಗಳುಗಟ್ಟಲೆ ಹೆಪ್ಪುಗಟ್ಟಿರುತ್ತವೆ, ಮಿನೆಸೋಟದವೂ ಅಷ್ಟೇ. ಜನ ಮೀನು ಹಿಡಿಯುವುದನ್ನೇನೂ ಬಿಡುವುದಿಲ್ಲ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ, ಆದ್ದರಿಂದ ಮೇಲೆ ಗಡ್ಡೆ ಕಟ್ಟಿದರೂ ತಳದಲ್ಲಿ ಬದುಕು ನಡೆದೇ ಇರುತ್ತದೆ. ಆದರೆ ತಣ್ಣಗಾದ ಮೀನಿಗೆ ಹಸಿವು ಕಡಿಮೆ, ಓಡುವ ಉಮೇದು ಇನ್ನೂ ಕಡಿಮೆ. ಹಿಮ ಮುಚ್ಚಿದ ಗಡ್ಡೆಯ ಕೆಳಗೆ ಬೆಳಕೂ ಅಷ್ಟಕ್ಕಷ್ಟೆ. ಕಣ್ಣಿನ ಜೊತೆಗೆ ಮೈ ಪಕ್ಕದ ಪಾರ್ಶ್ವರೇಖೆಗೆ ತಟ್ಟುವ ನೀರಿನ ಅಲುಗಾಟವೇ ಅದಕ್ಕೆ ಸುದ್ದಿ. ಗಾಯಾಳುವಿನ ನಟನೆ ನಿಜವಾಗಿ ಬೇಕಾಗಿರುವುದು ಇಲ್ಲಿ. ಆದರೆ ಲೌರಿಯ ಮೀನು ಇಲ್ಲಿ ಕೆಲಸಕ್ಕೆ ಬಾರದು. ಅದು ಮುಂದಕ್ಕೆ ಎಳೆದರೆ ಮಾತ್ರ ಓಲಾಡುವ ಜಾತಿ; ಗಡ್ಡೆಯ ಮೇಲೆ ಕೂತವನಿಗೆ ಸಿಗುವುದು ಗೇಣಗಲದ ಒಂದು ತೂತು. ಅದರಲ್ಲಿ ದಾರ ಮೇಲೆ ಹೋಗಬಲ್ಲದು, ಕೆಳಗೆ ಬರಬಲ್ಲದು.

ರಪಾಲಾ ಕಂಪನಿ ಇದಕ್ಕೆ ಮಾಡಿದ ಉಪಾಯದಲ್ಲಿ ಬೆಂಡೂ ಇಲ್ಲ, ತುಟಿಯೂ ಇಲ್ಲ. ಲೋಹದ ಭಾರದ ಮೈ, ದಾರ ಕಟ್ಟುವ ಬಳೆ ಬೆನ್ನಿನ ನಡುವೆ, ಆದ್ದರಿಂದ ನೀರಿನಲ್ಲಿ ಅದು ಅಡ್ಡಡ್ಡ ತೂಗುತ್ತದೆ. ಬಾಲಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕಿನ ರೆಕ್ಕೆ. ಕೋಲನ್ನು ಒಮ್ಮೆ ಮೇಲಕ್ಕೆ ಜಗ್ಗಿದರೆ ರೆಕ್ಕೆ ನೀರನ್ನು ತಳ್ಳಿ ಮೀನು ಪಕ್ಕಕ್ಕೆ ಚಿಮ್ಮುತ್ತದೆ. ಸಡಿಲ ಬಿಟ್ಟರೆ ಜಾರುತ್ತಾ ಸುತ್ತು ಹಾಕಿ ತೂತಿನ ಕೆಳಕ್ಕೆ ಮರಳುತ್ತದೆ. ಲಂಬದ ಎಳೆತವನ್ನು ಅಡ್ಡದ ಈಜಾಗಿಸಿದ ಈ ಹಂಚಿಕೆಗೆ, ಮೊದಲಿನ ಬೆಂಡಿನ ಮೀನಿಗಿಂತ ಒಂದು ಕೈ ಹೆಚ್ಚೇ ಅಂಕ ಕೊಡುತ್ತೇನೆ.

ಗಡ್ಡೆಗೆ ಹೊರಡುವವರ ಹಿಂದಿನ ರಾತ್ರಿಯ ತಯಾರಿಯೂ ಈ ತೂತು, ಈ ಮೀನಿನ ಸುತ್ತಲೇ ಇರುತ್ತದೆ. ಗಡ್ಡೆ ಕೊರೆಯುವ ಬೈರಿಗೆಯ ಅಲಗು ಮೊಂಡಾಗಿದೆಯೇ ನೋಡುವುದು. ತೂತಿನಲ್ಲಿ ತೇಲುವ ಗಡ್ಡೆಚೂರು ಬಾಚಲು, ಬೋಂಡ ಎತ್ತುವ ಜಾಲರಿ ಸೌಟಿನಂಥದ್ದೊಂದು. ಮೊಳದುದ್ದದ ಕೋಲು. ಸುತ್ತು ಹಾಕುವ ಮೀನು ದಾರವನ್ನು ಹುರಿಗೊಳಿಸುತ್ತದೆ, ಅದಕ್ಕೆ ನಡುವೆ ಪುಟ್ಟ ತಿರುಗಣೆ. ಕೊಕ್ಕೆಯ ಮೊನೆಗೆ ಅರ. ಗಡ್ಡೆ ಒಡೆದು ಬಿದ್ದರೆ ಅಂಚಿಗೆ ಚುಚ್ಚಿ ಮೇಲೆ ಹತ್ತಲು ಕೊರಳಿಗೆ ಜೋಡಿ ಮೊಳೆಹಿಡಿ. ಇದನ್ನು ಮರೆತು ಹೊರಡುವವನ ಜೊತೆ ಹೋಗಬಾರದು.

ಈ ಲೋಹದ ಮೀನಿನದೊಂದು ತಕರಾರೂ ಇದೆ. ಮೂತಿಗೊಂದು, ಬಾಲಕ್ಕೊಂದು ಕೊಕ್ಕೆ ಮೈಗೇ ಬೆಸೆದಿರುತ್ತದೆ, ಹೊಟ್ಟೆಯಡಿ ಮುಕ್ಕೊಕ್ಕೆ ಬೇರೆ. ದೊಡ್ಡ ಮೀನು ಒಂದಕ್ಕೆ ಸಿಕ್ಕಿ ಮೇಲೆ ಬರುವಾಗ ಖಾಲಿಯಿರುವ ಇನ್ನೊಂದು ಕೊಕ್ಕೆ ತೂತಿನ ಕೆಳ ಅಂಚಿಗೆ ಕಚ್ಚಿಕೊಂಡರೆ ದಾರ ಕಿತ್ತು ಮೀನು ಹೋಯಿತು. ಅದಕ್ಕೇ ದೊಡ್ಡ ಪೈಕ್ ನಿರೀಕ್ಷಿಸುವವರು ತೋಳು ನೊಂದರೂ ಸರಿ ಎಂದು ಒಂದು ಅಳತೆ ಹೆಚ್ಚು ಅಗಲದ ಬೈರಿಗೆಯನ್ನೇ ಹೊತ್ತೊಯ್ಯುತ್ತಾರೆ.