ಅನ್ನದ ದಾರಿ, ಉಸಿರಿನ ದಾರಿ

"ಉಣ್ಣುವಾಗ ಮಾತಾಡಬೇಡ, ನೆತ್ತಿಗೆ ಹತ್ತುತ್ತದೆ" ಎಂದು ಮನೆಯ ಹಿರಿಯರು ಗದರಿದ್ದು ನಿಮಗೆ ನೆನಪಿರಬಹುದು. ನೀರು ಕುಡಿಯುತ್ತ ನಕ್ಕರೆ ಕೆಮ್ಮು ಒತ್ತರಿಸಿ ಬರುತ್ತದೆ, ಕಣ್ಣು ಕೆಂಪಗಾಗುತ್ತದೆ. ಪಕ್ಕದಲ್ಲಿದ್ದವರು ತಲೆ ತಟ್ಟಿ "ಯಾರೋ ನೆನೆಸಿಕೊಂಡರು" ಎನ್ನುತ್ತಾರೆ. ನಿಜವಾಗಿ ನೀರು ನೆತ್ತಿಗೆ ಹೋಗಿರುವುದಿಲ್ಲ. ಅನ್ನದ ದಾರಿಯಲ್ಲಿ ಹೋಗಬೇಕಾದದ್ದು ಉಸಿರಿನ ದಾರಿಗೆ ಇಳಿದಿರುತ್ತದೆ. ಗಟ್ಟಿಮುಟ್ಟಾದವರಿಗೆ ಇದು ಎರಡು ನಿಮಿಷದ ತೊಂದರೆ. ಹಾಸಿಗೆ ಹಿಡಿದ ರೋಗಿಗೆ ಇದೇ ನ್ಯುಮೋನಿಯಾ ತಂದು ಪ್ರಾಣಕ್ಕೆ ಕುತ್ತಾಗಬಹುದು. ವಾರ್ಡಿನಲ್ಲಿ ರೋಗಿಗೆ ಉಣಿಸುವವರು ಹೆಚ್ಚಾಗಿ ಮನೆಯವರಾದ ನೀವೇ. ಆದ್ದರಿಂದ ಈ ಎರಡು ದಾರಿಗಳ ಪರಿಚಯ ನಿಮಗೆ ಇರಬೇಕು.

ಮೂಗಿನಿಂದ ಬಂದ ಗಾಳಿ, ಬಾಯಿಂದ ಬಂದ ತುತ್ತು ಎರಡೂ ಮೊದಲು ಬಂದು ಸೇರುವುದು ಗಂಟಲಿಗೆ. ಅಲ್ಲಿಂದ ಕೆಳಗೆ ದಾರಿ ಕವಲೊಡೆಯುತ್ತದೆ. ಮುಂದಿನದು ಶ್ವಾಸನಾಳ. ಕುತ್ತಿಗೆಯ ಮುಂಭಾಗದ ಕೆಳಗಡೆ ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ, ಬಳೆಗಳನ್ನು ಜೋಡಿಸಿದಂತೆ ಗಟ್ಟಿಯಾಗಿ ಕೈಗೆ ಹತ್ತುತ್ತದೆ. ಈ ಬಳೆಗಳ ಬಲದಿಂದ ಶ್ವಾಸನಾಳ ಹಗಲು ರಾತ್ರಿ ತೆರೆದೇ ಇರುತ್ತದೆ. ಅದರ ಬೆನ್ನಿಗೆ ಅಂಟಿಕೊಂಡಂತೆ ಇರುವುದು ಅನ್ನನಾಳ. ಇದು ಸುಮಾರು 25 ಸೆಂಟಿಮೀಟರ್ ಉದ್ದದ ಮೆತ್ತನೆಯ ಮಾಂಸದ ಕೊಳವೆ. ಉಳಿದ ಹೊತ್ತು ಇದರ ಬಾಯಿ ಮುಚ್ಚಿಕೊಂಡಿದ್ದು, ನುಂಗಿದಾಗ ಮಾತ್ರ ತೆರೆಯುತ್ತದೆ.

ಹಾಗಾದರೆ ತುತ್ತು ತೆರೆದ ದಾರಿಯನ್ನು ಬಿಟ್ಟು ಮುಚ್ಚಿದ ದಾರಿಗೆ ಹೋಗುವುದು ಹೇಗೆ? ಗಂಟಲಿನ ಉಬ್ಬಿನ ಮೇಲೆ ಬೆರಳಿಟ್ಟು ಒಮ್ಮೆ ಎಂಜಲು ನುಂಗಿ. ಉಬ್ಬು ಮೇಲಕ್ಕೆ ಜಿಗಿದು ಕೆಳಗಿಳಿಯುತ್ತದೆ. ಆ ಒಂದು ಕ್ಷಣದಲ್ಲಿ ಉಸಿರು ತಾನಾಗಿ ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೆದ್ದು ಅದರೊಳಗಿನ ಧ್ವನಿತಂತುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಎಪಿಗ್ಲಾಟಿಸ್ ಎಂಬ ಎಲೆಯಂಥ ಮುಚ್ಚಳ ಶ್ವಾಸನಾಳದ ಬಾಯಿಯ ಮೇಲೆ ಬಾಗುತ್ತದೆ. ತುತ್ತು ಅದರ ಮೇಲಿಂದ ಜಾರಿ ಅನ್ನನಾಳಕ್ಕೆ ಇಳಿಯುತ್ತದೆ. ಇಷ್ಟೆಲ್ಲ ಮುಗಿಯಲು ಬೇಕಾಗುವುದು ಸುಮಾರು ಒಂದು ಸೆಕೆಂಡು. ಇದನ್ನು ನಡೆಸುವುದು ಮೆದುಳು ಮತ್ತು ನರಗಳು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅನ್ನನಾಳದಿಂದ ಆಹಾರ ಜಠರಕ್ಕೆ ಇಳಿದು, ಅಲ್ಲಿ ತೀಕ್ಷ್ಣವಾದ ಆಮ್ಲದೊಂದಿಗೆ ಕಲೆತು ಗಂಜಿಯಂತಾಗುತ್ತದೆ. ನಂತರ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ ಸಾರವೆಲ್ಲ ರಕ್ತಕ್ಕೆ ಸೇರುತ್ತದೆ. ಉಳಿದದ್ದರಿಂದ ದೊಡ್ಡ ಕರುಳು ನೀರನ್ನು ಹೀರಿಕೊಳ್ಳುತ್ತದೆ. ಇತ್ತ ಶ್ವಾಸನಾಳ ಎರಡಾಗಿ, ಮರದ ಕೊಂಬೆಗಳಂತೆ ಕವಲೊಡೆಯುತ್ತ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಲ್ಲಿ ಕೊನೆಗೊಳ್ಳುತ್ತದೆ. ಈ ಚೀಲಗಳ ಗೋಡೆ ಅತ್ಯಂತ ತೆಳು. ಅದನ್ನು ದಾಟಿಯೇ ಆಮ್ಲಜನಕ ರಕ್ತಕ್ಕೆ ಹೋಗುತ್ತದೆ, ಕೆಟ್ಟ ಗಾಳಿ ಹೊರಬರುತ್ತದೆ. ಜಠರದ ಒಳಗೋಡೆಗೆ ಆಮ್ಲವನ್ನು ತಡೆಯಲು ಲೋಳೆಯ ಕವಚವಿದೆ. ಗಾಳಿಚೀಲಗಳಿಗೆ ಅಂಥ ಕವಚವಿಲ್ಲ. ಹೊಟ್ಟೆಯ ಆಮ್ಲ ಅಲ್ಲಿಗೆ ಹೋದರೆ ಸುಟ್ಟಂತಾಗುತ್ತದೆ. ಬಾಯಿಯ ರೋಗಾಣುಗಳನ್ನು ಹೊತ್ತ ಎಂಜಲು, ಗಂಜಿ ಹೋದರೆ ಅಲ್ಲಿ ಸೋಂಕು ಬೆಳೆಯುತ್ತದೆ.

ಆಪರೇಷನ್‌ಗೆ ಮುಂಚೆ ಉಪವಾಸವಿರಲು ಹೇಳುವುದು ಇದೇ ಕಾರಣಕ್ಕೆ. ಅರಿವಳಿಕೆ ಕೊಟ್ಟಾಗ ನುಂಗುವ ಶಕ್ತಿ, ಕೆಮ್ಮುವ ಶಕ್ತಿ ಎರಡೂ ಮಲಗಿಬಿಡುತ್ತವೆ. ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದರೆ ತೆರೆದ ಶ್ವಾಸನಾಳಕ್ಕೆ ನೇರವಾಗಿ ಇಳಿಯುತ್ತದೆ. ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್ ಅವರು 1946ರಲ್ಲಿ ಇಂಥ 66 ಬಾಣಂತಿಯರ ವಿವರ ಪ್ರಕಟಿಸಿದ ಮೇಲೆ ವೈದ್ಯಲೋಕ ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ಸಾಮಾನ್ಯವಾಗಿ ಹಗುರ ಆಹಾರ ಮತ್ತು ಹಾಲು ಬಿಟ್ಟು 6 ಗಂಟೆ, ಕರಿದ ಹಾಗೂ ಭಾರಿ ಊಟ ಬಿಟ್ಟು 8 ಗಂಟೆ, ಬರೀ ನೀರು ಬಿಟ್ಟು 2 ಗಂಟೆ ಆಗಿರಬೇಕು. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ರೋಗಿಗೆ ವೈದ್ಯರು ಬೇರೆ ಹೊತ್ತು ಹೇಳಿದ್ದರೆ ಅದನ್ನೇ ಪಾಲಿಸಿ.

ಒಮ್ಮೆ ಹರ್ನಿಯಾ ಆಪರೇಷನ್‌ಗೆ ಬಂದ ಹುಡುಗನೊಬ್ಬ ಹಸಿವೆಂದು ಅತ್ತದ್ದಕ್ಕೆ ಅವನ ಅಜ್ಜಿ ಬೆಳಿಗ್ಗೆ ಎರಡು ಬಿಸ್ಕತ್ತು ತಿನ್ನಿಸಿದ್ದರು. ಥಿಯೇಟರಿನ ಬಾಗಿಲಲ್ಲಿ ನಾನು ಮತ್ತೊಮ್ಮೆ ಕೇಳಿದಾಗ ಅಳುತ್ತಲೇ ಹೇಳಿದರು. ಆಪರೇಷನ್ ಮರುದಿನಕ್ಕೆ ಹೋಯಿತು. ಹುಡುಗನ ತಂದೆಗೆ ಸಿಟ್ಟು ಬಂತು, ಆದರೆ ಆ ದಿನ ಹುಡುಗನನ್ನು ಕಾಪಾಡಿದ್ದು ಅಜ್ಜಿಯ ಆ ಮಾತು. ಸಿಸ್ಟರ್ ಬೈಯುತ್ತಾರೆಂದು ಮುಚ್ಚಿಡಬೇಡಿ. ಸ್ವಲ್ಪ ಬೈಯುತ್ತೇವೆ, ಇಲ್ಲವೆನ್ನುವುದಿಲ್ಲ. ಆದರೂ ಹೇಳಿ.

ಇನ್ನು ಪಾರ್ಶ್ವವಾಯು, ಅಂದರೆ ಲಕ್ವ ಹೊಡೆದವರ ವಿಷಯ. ನುಂಗುವುದನ್ನು ನಡೆಸುವುದು ಮೆದುಳು ಎಂದು ಮೇಲೆ ಹೇಳಿದೆ. ಆ ಮೆದುಳಿಗೇ ಪೆಟ್ಟಾದಾಗ ಮುಚ್ಚಳ ಮುಚ್ಚುವುದು ತಡವಾಗುತ್ತದೆ. ಲಕ್ವ ಹೊಡೆದ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ. ಕೆಲವರಲ್ಲಿ ಕೆಮ್ಮೂ ಬರುವುದಿಲ್ಲ. "ಸಿಸ್ಟರ್, ಕೆಮ್ಮಲೇ ಇಲ್ಲ, ಚೆನ್ನಾಗಿ ಕುಡಿದರು" ಎಂದು ಸಂತೋಷದಿಂದ ಹೇಳಿದ ತಾಯಿಯೊಬ್ಬರ ಯಜಮಾನರಿಗೆ ಎರಡು ದಿನದಲ್ಲಿ ಜ್ವರ, ಏದುಸಿರು ಶುರುವಾಗಿತ್ತು. ಮಲಗಿಸಿಯೇ ಗಂಜಿ ಕುಡಿಸಿದ್ದರು. ಪ್ರೀತಿಯಿಂದಲೇ ಕುಡಿಸಿದ್ದರು.

ಆದ್ದರಿಂದ ನುಂಗುವ ಪರೀಕ್ಷೆ ಮಾಡಿ ನಾವು ಹೇಳುವವರೆಗೆ ಇಂಥ ರೋಗಿಯ ಬಾಯಿಗೆ ಏನನ್ನೂ ಹಾಕಬೇಡಿ, ಒಂದು ಚಮಚ ನೀರನ್ನೂ ಕೂಡ. ಪ್ರಸಾದ, ಪಾದೋದಕ ತಂದಿದ್ದರೆ ಹಣೆಗೆ ವಿಭೂತಿ ಹಚ್ಚಿರಿ ಸಾಕು, ಉಳಿದದ್ದು ಎಚ್ಚರವಾದ ಮೇಲೆ ಆಗಲಿ. ಬಾಯಾರಿದಂತೆ ಕಂಡರೆ ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ತುಟಿ ಒರೆಸಬಹುದು.

ಉಣಿಸಲು ಹೇಳಿದ ಮೇಲೆ ಮೊದಲು ರೋಗಿಯನ್ನು ನೆಟ್ಟಗೆ ಕೂಡಿಸಿ. ಮಂಚದ ತಲೆಭಾಗ ಎತ್ತುವ ಹಿಡಿಕೆ ಕಾಲ ಬಳಿ ಇದೆ. ಬೆನ್ನಿಗೆ ದಿಂಬು ಕೊಡಿ, ಗದ್ದ ಸ್ವಲ್ಪ ಎದೆಯ ಕಡೆ ಬಾಗಿರಲಿ. ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಸುರಿಯುವುದು ಎಲ್ಲಕ್ಕಿಂತ ಅಪಾಯ. ಚಿಕ್ಕ ಚಮಚದಲ್ಲಿ ಸ್ವಲ್ಪವೇ ಕೊಟ್ಟು, ಗಂಟಲಿನ ಉಬ್ಬು ಏರಿ ಇಳಿದದ್ದನ್ನು ನೋಡಿ ಮುಂದಿನ ಚಮಚ ಕೊಡಿ. ತೆಳ್ಳಗಿನ ನೀರು ಗಂಟಲಿನಲ್ಲಿ ಬೇಗ ಓಡುವುದರಿಂದ ಮಂದವಾದ ಗಂಜಿ ಕೆಲವರಿಗೆ ಸುಲಭ. ಎಷ್ಟು ಮಂದವಿರಬೇಕೆಂದು ನಮ್ಮನ್ನು ಕೇಳಿ. ಉಂಡ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಲಕ್ವ ಹೊಡೆದ ಕಡೆಯ ಕೆನ್ನೆಯೊಳಗೆ ಅನ್ನ ಉಳಿದಿದೆಯೇ ನೋಡಿ, ಬಾಯಿ ಸ್ವಚ್ಛಗೊಳಿಸಿ. ಬಾಯಿಯ ಸ್ವಚ್ಛತೆಯನ್ನು ಬಹಳ ಮಂದಿ ಮರೆಯುತ್ತಾರೆ, ಆದರೆ ಎದೆಗೆ ಇಳಿಯುವ ರೋಗಾಣುಗಳು ಹುಟ್ಟುವುದು ಅಲ್ಲಿಯೇ.

ಮೂಗಿನ ಟ್ಯೂಬಿನಿಂದ ಆಹಾರ ಕೊಡುವಾಗಲೂ ತಲೆಭಾಗ ಎತ್ತರವಾಗಿರಲೇಬೇಕು. ಟ್ಯೂಬು ಹೊರಗೆ ಜಾರಿದ್ದರೆ ನೀವೇ ಒಳಗೆ ತಳ್ಳಬೇಡಿ. ಅದು ಶ್ವಾಸನಾಳಕ್ಕೂ ಹೋಗಬಹುದು. ಉಣಿಸುವಾಗ ಸ್ವರ ಗುರುಗುರು ಎಂದರೆ, ಉಸಿರು ಜೋರಾದರೆ, ತುಟಿ ನೀಲಿಯಾದರೆ ಚಮಚ ಅಲ್ಲಿಯೇ ಬಿಟ್ಟು ಸಿಸ್ಟರನ್ನು ಕೂಗಿರಿ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಸಂಕೋಚ ಬೇಡ.