ಕರೆಂಟ್ ಹೋದರೆ ಫೋನೂ ಏಕೆ ಸುಮ್ಮನಾಗುತ್ತದೆ?

ಪ್ರಶ್ನೆ: ಹಳೆಯ ಲ್ಯಾಂಡ್‌ಲೈನ್ ಕರೆಂಟ್ ಹೋದಾಗಲೂ ಕೆಲಸ ಮಾಡುತ್ತಿತ್ತು. ಈಗಿನ ಫೈಬರ್ ಫೋನ್ ಏಕೆ ಮಾಡುವುದಿಲ್ಲ?

ಉತ್ತರ: ಹಳೆಯ ಫೋನಿಗೆ ಬೇಕಾದ ವಿದ್ಯುತ್ತು ಮನೆಯ ಪ್ಲಗ್ಗಿನಿಂದಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಬರುತ್ತಿತ್ತು. ಮಾತು ಸಾಗುವ ಜೋಡಿ ತಾಮ್ರದ ತಂತಿಯಲ್ಲೇ ಸುಮಾರು 48 ವೋಲ್ಟಿನ ವಿದ್ಯುತ್ತೂ ಹರಿಯುತ್ತಿತ್ತು. ಕತ್ತಲಲ್ಲಿ ರಿಸೀವರ್ ಎತ್ತಿದರೂ ಗುಂಯ್ ಎನ್ನುವ ಡಯಲ್ ಟೋನ್ ಕೇಳುತ್ತಿದ್ದುದು ಅದಕ್ಕೇ. ಕರೆ ಮುಗಿಯುವವರೆಗೂ ಮಾತು ಸಾಗುವ ದಾರಿ ಮಾತಾಡುವ ಇಬ್ಬರಿಗೇ ಮೀಸಲಾಗಿರುತ್ತಿತ್ತು.

ಫೈಬರ್ ಬ್ರಾಡ್‌ಬ್ಯಾಂಡಿನಲ್ಲಿ ದನಿ ಅಂಕಿಗಳಾಗುತ್ತದೆ. ಒಂದು ಸೆಕೆಂಡಿನ ಮಾತು ಸಾಮಾನ್ಯವಾಗಿ 50 ಪುಟ್ಟ ಪೊಟ್ಟಣಗಳಾಗಿ, ವಿಳಾಸ ಹೊತ್ತು, ಇತರರ ವಿಡಿಯೋ, ಮೆಸೇಜುಗಳ ಜೊತೆ ಸಾಗಿ, ಆ ತುದಿಯಲ್ಲಿ ಮತ್ತೆ ದನಿಯಾಗುತ್ತದೆ. ಆದರೆ ಫೈಬರಿನ ಗಾಜಿನ ಎಳೆ ಒಯ್ಯುವುದು ಬೆಳಕನ್ನು, ವಿದ್ಯುತ್ತನ್ನಲ್ಲ. ಕರೆಂಟ್ ಹೋಗಿ ಮನೆಯ ಮೋಡೆಮ್ ಆರಿದರೆ ಕರೆಯೂ ಇಲ್ಲ. ವಯಸ್ಸಾದವರಿರುವ ಮನೆಯಲ್ಲಿ ಮೋಡೆಮ್‌ಗೊಂದು ಪುಟ್ಟ ಯುಪಿಎಸ್ ಖಂಡಿತ ಹಾಕಿಸಿ.